ಏರಿನಲ್ಲಿ ಸೋಲುವ ಗಾಡಿ



ಇಚಲಕರಂಜಿಯ ಸೋದರಿಯೊಬ್ಬರು ಈ ಅಂಕಣಕ್ಕೆ ಮೂರು ಪುಟಗಳ ಪತ್ರವೊಂದನ್ನು ಬರೆದಿದ್ದರು. ಅವರ ಯಜಮಾನರು ಅಲ್ಲಿಯ ವಿದ್ಯುತ್ ಮಗ್ಗದ ಕಾರಖಾನೆಯೊಂದರಲ್ಲಿ ಜಾಬರ್. ತಂದೆಯವರು ಗಡಹಿಂಗ್ಲಜದಲ್ಲಿ ಒಬ್ಬರೇ ಇರುತ್ತಾರೆ. ಅವರಿಗೆ ವಯಸ್ಸಾಗಿದೆ, ಹೃದಯದ ತೊಂದರೆಯೂ ಇದೆ. ತಿಂಗಳಿಗೊಮ್ಮೆ ಅವರನ್ನು ಕೊಲ್ಹಾಪುರದ ವೈದ್ಯರಿಗೆ ತೋರಿಸಿ ಮರಳಿ ಊರಿಗೆ ಮುಟ್ಟಿಸಬೇಕು. ಬಸ್ಸಿನ ನೂಕುನುಗ್ಗಲು ಅವರಿಗೆ ಸಲ್ಲದು. ಆ ಒಂದೇ ಕಾರಣಕ್ಕಾಗಿ ದಂಪತಿಗಳು ಕಾಸಿಗೆ ಕಾಸು ಕೂಡಿಸಿ ಹಳೆಯ ಮಾರುತಿ ೮೦೦ ಗಾಡಿಯೊಂದನ್ನು ಕೊಂಡರು, ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿಯನ್ನೂ ನವೀಕರಿಸಿಕೊಂಡರು.

“ಈಗ ಆ ಗಾಡಿ ತವಂದಿ ಘಾಟಿನ ಏರಿನಲ್ಲಿ ಸೋಲುತ್ತಿದೆ” ಎಂದು ಸೋದರಿ ಬರೆದಿದ್ದರು. “ಎಂಜಿನ್ನು ಅರಚುತ್ತದೆ, ಗಾಡಿ ಮಾತ್ರ ಚಕ್ಕಡಿಯ ಹಾಗೆ ತೆವಳುತ್ತದೆ. ಸುಟ್ಟ ವಾಸನೆ ಬರುತ್ತದೆ. ಹಿಂದಿನಿಂದ ಲಾರಿಗಳು ಹಾರ್ನು ಬಾರಿಸುತ್ತವೆ. ಮುಂದಿನ ಸೀಟಿನಲ್ಲಿ ಕುಳಿತ ಅಪ್ಪಾ ಏನೂ ಮಾತನಾಡದೆ ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತಾರೆ. ಗ್ಯಾರೇಜೊಂದರಲ್ಲಿ ತೋರಿಸಿದೆವು. ಎಂಜಿನ್ನಿನ ಕಸುವು ಹೋಗಿದೆ, ಬಿಚ್ಚಿ ಬೋರ್ ಮಾಡಿಸಬೇಕು ಎಂದರು. ಅವರು ಹೇಳಿದ ಹಣದಲ್ಲಿ ಇಂಥದೇ ಇನ್ನೊಂದು ಗಾಡಿ ಬಂದೀತು. ಮಾರಿಬಿಡಲೇ? ಮಾರಿದರೆ ಅಪ್ಪಾ ಅವರನ್ನು ಕರೆತರುವುದು ಹೇಗೆ?”

ಪತ್ರವನ್ನೋದಿ ನಾನು ಎರಡು ಮಾತುಗಳ ಕೆಳಗೆ ಗೆರೆ ಎಳೆದೆ. ಒಂದು, ಎಂಜಿನ್ನು ಅರಚುತ್ತದೆ. ಇನ್ನೊಂದು, ಗಾಡಿ ತೆವಳುತ್ತದೆ. ಕಸುವು ಹೋದ ಎಂಜಿನ್ನು ಏರಿನಲ್ಲಿ ಅರಚಲಾರದು. ಅದರ ದನಿ ಇಳಿಯುತ್ತ ಹೋಗಿ ಕೊನೆಗೆ ಉಸಿರು ಕಟ್ಟುತ್ತದೆ. ಇಲ್ಲಿ ಎಂಜಿನ್ನು ದುಡಿಯುತ್ತಿದೆ, ಆದರೆ ಅದರ ದುಡಿಮೆ ಗಾಲಿಗಳಿಗೆ ಮುಟ್ಟುತ್ತಿಲ್ಲ. ನಡುವೆ ಎಲ್ಲಿಯೋ ಸೋರಿಹೋಗುತ್ತಿದೆ. ಆ ನಡುವಿನ ಮನೆಯೇ ಕ್ಲಚ್ಚು. ಮುಂದಿನ ರಜೆಯ ದಿನ ಗಾಡಿಯನ್ನು ಕೊಲ್ಹಾಪುರಕ್ಕೆ ತರಬೇಕೆಂದೂ, ಅಲ್ಲಿಯವರೆಗೆ ಎಂಜಿನ್ನಿಗೆ ಯಾರೂ ಪಾನಾ ಹಚ್ಚಕೂಡದೆಂದೂ ಉತ್ತರ ಬರೆದೆ.

ಮಗ್ಗದ ಪಟ್ಟಾ, ಗಾಡಿಯ ಕ್ಲಚ್ಚು

ಕ್ಲಚ್ಚೆಂದರೆ ಏನೆಂಬುದನ್ನು ಇಚಲಕರಂಜಿಯವರಿಗೆ ತಿಳಿಸುವುದು ಬಹಳ ಸುಲಭ. ೧೯೦೪ರಲ್ಲಿ ವಿಠ್ಠಲರಾವ ದಾತಾರರು ಆ ಊರಿಗೆ ಮೊದಲ ವಿದ್ಯುತ್ ಮಗ್ಗವನ್ನು ತಂದಂದಿನಿಂದ ಯಂತ್ರದ ಸಪ್ಪಳ ಅಲ್ಲಿಯ ಮಕ್ಕಳಿಗೆ ಜೋಗುಳವಾಗಿದೆ. ಹಳೆಯ ಕಾರಖಾನೆಗಳಲ್ಲಿ ಮೇಲೆ ಒಂದು ಉದ್ದನೆಯ ಲೈನ್ ಶಾಫ್ಟು ಸದಾ ತಿರುಗುತ್ತಿರುತ್ತಿತ್ತು. ಅದರಿಂದ ಪಟ್ಟಾ ಇಳಿದು ಪ್ರತಿಯೊಂದು ಮಗ್ಗಕ್ಕೂ ಬರುತ್ತಿತ್ತು. ಮಗ್ಗದ ಶಾಫ್ಟಿನ ಮೇಲೆ ಪಕ್ಕಪಕ್ಕದಲ್ಲಿಯೇ ಎರಡು ಪುಲಿಗಳು: ಒಂದು ಶಾಫ್ಟಿಗೆ ಬಿಗಿದದ್ದು, ಇನ್ನೊಂದು ಅದರ ಮೇಲೆ ಸುಮ್ಮನೆ ತಿರುಗುವಂಥದು. ನೇಕಾರನು ಹಿಡಿಕೆಯನ್ನು ಎಳೆದರೆ ಪಟ್ಟಾ ಸಡಿಲ ಪುಲಿಯಿಂದ ಗಟ್ಟಿ ಪುಲಿಗೆ ಸರಿಯುತ್ತಿತ್ತು, ಮಗ್ಗ ಓಡುತ್ತಿತ್ತು. ಎಳೆ ಕಡಿದರೆ ಪಟ್ಟಾ ಮತ್ತೆ ಸಡಿಲ ಪುಲಿಗೆ, ಮಗ್ಗ ನಿಲ್ಲುತ್ತಿತ್ತು. ಮೇಲಿನ ಶಾಫ್ಟು ಮಾತ್ರ ನಿಲ್ಲುತ್ತಿರಲಿಲ್ಲ.

ಗಾಡಿಯ ಎಂಜಿನ್ನೂ ಆ ಲೈನ್ ಶಾಫ್ಟಿನಂತೆಯೇ. ನಿಂತಲ್ಲಿಂದ ಎಳೆಯುವ ಶಕ್ತಿ ಪೆಟ್ರೋಲ್ ಎಂಜಿನ್ನಿಗೆ ಇಲ್ಲ. ಅದು ಮೊದಲು ತಿರುಗುತ್ತಿರಬೇಕು, ಆಮೇಲೆ ಭಾರ ಹೊರಬೇಕು. ಆದುದರಿಂದ ತಿರುಗುವ ಎಂಜಿನ್ನನ್ನು ನಿಂತ ಗಾಲಿಗಳಿಗೆ ಮೆಲ್ಲನೆ ಜೋಡಿಸುವ, ಗೇರು ಬದಲಿಸುವಾಗ ಬಿಡಿಸುವ ಒಂದು ಸಾಧನ ಬೇಕು. ಎಂಜಿನ್ನಿನ ತುದಿಯಲ್ಲಿ ಫ್ಲೈವೀಲು ಎಂಬ ಭಾರವಾದ ಚಕ್ರವಿದೆ. ಅದರ ಮೇಲೆ ಪ್ರೆಶರ್ ಪ್ಲೇಟು ಬೋಲ್ಟುಗಳಿಂದ ಕೂತಿರುತ್ತದೆ. ಇವೆರಡರ ನಡುವೆ, ಎರಡೂ ಮುಖಕ್ಕೆ ಲೈನಿಂಗು ಹಚ್ಚಿದ ಕ್ಲಚ್ ಪ್ಲೇಟು. ಈ ಪ್ಲೇಟಿನ ನಡುವಣ ಹಲ್ಲುಗಳಲ್ಲಿ ಗೇರ್ ಬಾಕ್ಸಿನ ಶಾಫ್ಟು ಸೇರಿರುತ್ತದೆ. ತಟ್ಟೆಯಾಕಾರದ ಬಲವಾದ ಸ್ಪ್ರಿಂಗೊಂದು ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿದಿರುತ್ತದೆ. ಪೆಡಲನ್ನು ತುಳಿದಾಗ ಕೇಬಲ್ ಎಳೆದು, ರಿಲೀಸ್ ಬೇರಿಂಗು ಆ ಸ್ಪ್ರಿಂಗಿನ ಬೆರಳುಗಳನ್ನು ಒತ್ತುತ್ತದೆ, ಹಿಡಿತ ಬಿಡುತ್ತದೆ. ಕಾಲು ತೆಗೆದರೆ ಹಿಡಿತ ಮರಳಿ ಕೂಡುತ್ತದೆ. ಎಲ್ಲವೂ ತಿಕ್ಕಾಟದ ಬಲದ ಮೇಲೆಯೇ ನಿಂತಿದೆ. ತಿಕ್ಕಾಟವಿದ್ದಲ್ಲಿ ಸವೆತ ತಪ್ಪದು. ಆದುದರಿಂದ ಕ್ಲಚ್ ಪ್ಲೇಟು, ಬ್ರೇಕಿನ ಲೈನಿಂಗಿನಂತೆಯೇ, ಸವೆಯಲೆಂದೇ ಮಾಡಿದ ವಸ್ತು. ಅದು ಸವೆದಿತೆಂದು ಗಾಡಿಯನ್ನು ಮಾರುವುದು ಚಪ್ಪಲಿಯ ಅಟ್ಟೆ ಸವೆದಿತೆಂದು ನಡೆಯುವುದನ್ನೇ ಬಿಟ್ಟಂತಾದೀತು.

ಪರೀಕ್ಷೆಯ ಕ್ರಮ

ಹೇಳಿದ ದಿನ ದಂಪತಿಗಳು ಗಾಡಿ ತಂದರು. ನಾವು ಮಾಡಿದ ಪರೀಕ್ಷೆಗಳನ್ನು ಅದೇ ಕ್ರಮದಲ್ಲಿ ಬರೆಯುತ್ತೇನೆ. ಯಾವ ಕುಟುಂಬವಾದರೂ ಇವನ್ನು ತಾನೇ ಮಾಡಿ ನೋಡಬಹುದು, ಪಾನಾ ಕೂಡ ಬೇಕಾಗದು.

ಮೊದಲನೆಯದು ಪೆಡಲಿನ ಸಡಿಲು. ಎಂಜಿನ್ನನ್ನು ನಿಲ್ಲಿಸಿ ಕ್ಲಚ್ ಪೆಡಲನ್ನು ಕೈಯಿಂದ ಮೆಲ್ಲನೆ ಒತ್ತಬೇಕು. ಆರಂಭದಲ್ಲಿ ಒಂದು ಬೆರಳಿನ ದಪ್ಪದಷ್ಟು ದೂರ ಅದು ಯಾವ ಭಾರವೂ ಇಲ್ಲದೆ ಹೋಗಬೇಕು. ಆಮೇಲೆ ಸ್ಪ್ರಿಂಗಿನ ಬಿಗಿ ತಟ್ಟಬೇಕು. ನಿಖರ ಅಳತೆ ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ. ಈ ಗಾಡಿಯಲ್ಲಿ ಸಡಿಲು ಎಳ್ಳಷ್ಟೂ ಇರಲಿಲ್ಲ. ಇದು ಮಹತ್ವದ ಸುಳಿವು. ಲೈನಿಂಗು ಸವೆದಂತೆ ಸ್ಪ್ರಿಂಗಿನ ಬೆರಳುಗಳು ಬೇರಿಂಗಿನ ಕಡೆಗೆ ಸರಿಯುತ್ತ ಬರುತ್ತವೆ, ಪೆಡಲಿನ ಸಡಿಲು ಕಡಿಮೆಯಾಗುತ್ತ ಹೋಗುತ್ತದೆ. ಕೇಬಲನ್ನು ಕಾಲಕಾಲಕ್ಕೆ ಸರಿಪಡಿಸದಿದ್ದರೆ ಬೇರಿಂಗು ಹಗಲೂ ರಾತ್ರಿ ಬೆರಳುಗಳನ್ನು ಒತ್ತುತ್ತಲೇ ಇರುತ್ತದೆ. ಅಂದರೆ, ಯಾರೋ ಸದಾ ಪೆಡಲನ್ನು ಅರ್ಧ ತುಳಿದಿಟ್ಟಂತೆ. ಆಗ ಒಳ್ಳೆಯ ಪ್ಲೇಟಾದರೂ ಜಾರುತ್ತದೆ. ಆದುದರಿಂದ ಪ್ಲೇಟು ಹೋಗಿದೆಯೆಂದು ತೀರ್ಮಾನಿಸುವ ಮುನ್ನ ಕೇಬಲಿನ ತುದಿಯ ನಟ್ಟನ್ನು ಸಡಿಲಿಸಿ, ಪೆಡಲಿಗೆ ತಕ್ಕ ಸಡಿಲು ಕೊಟ್ಟು ನೋಡಬೇಕು. ಎಷ್ಟೋ ಗಾಡಿಗಳ ರೋಗ ಈ ಒಂದು ನಟ್ಟಿನಲ್ಲಿಯೇ ಗುಣವಾಗುತ್ತದೆ. ನಾವು ಸಡಿಲಿಸಿದೆವು. ಗಾಡಿ ಕೊಂಚ ಚುರುಕಾಯಿತು, ಆದರೆ ಪೂರ್ತಿ ಗುಣವಾಗಲಿಲ್ಲ.

ಎರಡನೆಯದು ರಸ್ತೆಯ ಪರೀಕ್ಷೆ. ಸಂಚಾರವಿಲ್ಲದ ಮಟ್ಟಸ ರಸ್ತೆಯಲ್ಲಿ, ನಾಲ್ಕನೆಯ ಗೇರಿನಲ್ಲಿ ಗಂಟೆಗೆ ೩೫-೪೦ ಕಿಲೋಮೀಟರಿನಲ್ಲಿ ಹೋಗುತ್ತ ಆಕ್ಸಿಲರೇಟರನ್ನು ಒಮ್ಮೆಲೆ ಪೂರ್ತಿ ಒತ್ತಬೇಕು. ಕ್ಲಚ್ಚು ಸರಿಯಿದ್ದರೆ ಎಂಜಿನ್ನಿನ ದನಿಯೂ ಗಾಡಿಯ ವೇಗವೂ ಒಟ್ಟಿಗೆ, ನಿಧಾನವಾಗಿ ಏರುತ್ತವೆ. ಸವೆದಿದ್ದರೆ ದನಿ ತಟ್ಟನೆ ಏರುತ್ತದೆ, ವೇಗ ಇದ್ದಲ್ಲಿಯೇ ಇರುತ್ತದೆ. ಮೊದಲನೆಯ, ಎರಡನೆಯ ಗೇರುಗಳಲ್ಲಿ ಈ ದೋಷ ಅಡಗಿರುತ್ತದೆ, ಏಕೆಂದರೆ ಅಲ್ಲಿ ಗಾಡಿ ಹಗುರವಾಗಿ ಮುಂದೋಡುತ್ತದೆ. ಮೇಲಿನ ಗೇರಿನಲ್ಲಿ ಎಂಜಿನ್ನಿನ ಪೂರ್ಣ ಬಲಕ್ಕೆ ಎದುರಾಗಿ ಗಾಡಿಯ ಪೂರ್ಣ ಭಾರ ನಿಲ್ಲುವುದರಿಂದ ಹಿಡಿತದ ನಿಜ ಸ್ಥಿತಿ ಹೊರಬೀಳುತ್ತದೆ. ತವಂದಿಯ ಏರಿನಲ್ಲಿ ನಡೆಯುತ್ತಿದ್ದುದೂ ಇದೇ. ದನಿಯೂ ಏರದೆ ವೇಗವೂ ಏರದೆ ಹೋದರೆ ಆಗ ಕ್ಲಚ್ಚನ್ನು ಬಿಟ್ಟು ಎಂಜಿನ್ನನ್ನು, ಗಾಳಿಯ ಫಿಲ್ಟರನ್ನು, ಸೈಲೆನ್ಸರನ್ನು ನೋಡಬೇಕು. ಇಲ್ಲವೆ, ಗಾಲಿಗಳನ್ನು ಬಿಡದೆ ಹಿಡಿದ ಬ್ರೇಕುಗಳನ್ನು ನೋಡಬೇಕು. ಈ ಗಾಡಿಯಲ್ಲಿ ದನಿ ಗಾಳಿಪಟದಂತೆ ಏರಿತು, ವೇಗದ ಮುಳ್ಳು ಅಲುಗಲಿಲ್ಲ.

ಮೂರನೆಯದು ನಿಂತಲ್ಲಿಯೇ ಮಾಡುವ ಪರೀಕ್ಷೆ. ಗಾಡಿಯನ್ನು ಮಟ್ಟಸ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕನ್ನು ಬಿಗಿಯಾಗಿ ಎಳೆದು, ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದೆ ಹಿಂದೆ ಯಾರೂ ಇಲ್ಲವೆಂದು ನೋಡಿಕೊಳ್ಳಬೇಕು. ಮೂರನೆಯ ಗೇರಿಗೆ ಹಾಕಿ, ಎಂಜಿನ್ನಿಗೆ ಸ್ವಲ್ಪ ವೇಗ ಕೊಟ್ಟು, ಪೆಡಲನ್ನು ಬಿಡಬೇಕು. ಒಳ್ಳೆಯ ಕ್ಲಚ್ಚಾದರೆ ಎಂಜಿನ್ನು ಕೂಡಲೇ ನಿಂತುಹೋಗುತ್ತದೆ. ನಿಲ್ಲದೆ ತಿರುಗುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆಯೆಂದೇ ಅರ್ಥ. ಇದನ್ನು ಒಮ್ಮೆ ಮಾತ್ರ, ಅದೂ ಎರಡೇ ಕ್ಷಣ ಮಾಡಬೇಕು. ಮತ್ತೆ ಮತ್ತೆ ಮಾಡಿದರೆ ಪರೀಕ್ಷೆಯೇ ಪ್ಲೇಟನ್ನು ಸುಟ್ಟೀತು.

ಜಾರುವುದೊಂದೇ ಕ್ಲಚ್ಚಿನ ರೋಗವಲ್ಲ. ಪೆಡಲನ್ನು ಪೂರ್ತಿ ತುಳಿದರೂ ಗೇರು ಬೀಳದೆ, ಮುಖ್ಯವಾಗಿ ರಿವರ್ಸ್ ಗೇರು ಕರಕರ ಎಂದು ಹಲ್ಲು ಕಡಿದರೆ, ಅಲ್ಲಿ ಹಿಡಿತ ಬಿಡುತ್ತಿಲ್ಲ. ಕೇಬಲ್ ಹಿಗ್ಗಿರಬಹುದು, ಅದರ ಎಳೆಗಳು ಬಿಚ್ಚುತ್ತಿರಬಹುದು, ಇಲ್ಲವೆ ಪ್ಲೇಟು ಸೊಟ್ಟಗಾಗಿರಬಹುದು. ಗಾಡಿ ಹೊರಡುವಾಗ ಮೈಯೆಲ್ಲ ನಡುಗಿದರೆ ಲೈನಿಂಗಿಗೆ ಎಣ್ಣೆ ತಾಗಿರಬಹುದು, ಅಥವಾ ಎಂಜಿನ್ನನ್ನು ಹೊತ್ತ ರಬ್ಬರ್ ಮೌಂಟಿಂಗುಗಳು ಹರಿದಿರಬಹುದು. ಪೆಡಲನ್ನು ತುಳಿದೊಡನೆ ಸದ್ದು ಹುಟ್ಟಿದರೆ ರಿಲೀಸ್ ಬೇರಿಂಗಿನ ಮೇಲೆ ಸಂಶಯ ಪಡಬೇಕು. ತುಳಿದೊಡನೆ ಸದ್ದು ಅಡಗಿದರೆ ಗೇರ್ ಬಾಕ್ಸಿನ ಒಳಗಿನ ಬೇರಿಂಗಿನ ಮೇಲೆ. ಮಿಸ್ತ್ರಿಗೆ ಇಷ್ಟು ವಿವರವಾಗಿ ಹೇಳಬಲ್ಲ ಗಿರಾಕಿಗೆ ಇಲ್ಲದ ರೋಗವನ್ನು ಹಚ್ಚಿ ಹಣ ಕೀಳುವುದು ಯಾರಿಗೂ ಸುಲಭವಲ್ಲ.

ಮೂರು ಪರೀಕ್ಷೆಗಳೂ ಮುಗಿದ ಮೇಲೆ ಸಂಶಯ ಉಳಿಯಲಿಲ್ಲ. ಎಂಜಿನ್ನಿಗೆ ಏನೂ ಆಗಿರಲಿಲ್ಲ, ಪ್ಲೇಟು ಸವೆದಿತ್ತು. ಸೋದರಿಯ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಬಂದ ನಗೆಯನ್ನು ನಾನು ಕಂಡೆ.

ಉದ್ಯಮನಗರದಲ್ಲಿ ಒಂದು ದಿನ

ಕೊಲ್ಹಾಪುರದ ಉದ್ಯಮನಗರವೆಂದರೆ ಲೇಥುಗಳ, ಎರಕದ, ಕಬ್ಬಿಣದ ಓಣಿಗಳ ಊರು. ಯಂತ್ರದ ಕೆಲಸ ನಮ್ಮ ಗಡಿಯ ಎರಡೂ ಬದಿಯ ಜನಕ್ಕೆ ರಕ್ತಗತವಾದುದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು ೧೯೧೦ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರೆಂಬುದನ್ನು ನೆನೆದರೆ ಸಾಕು. ನಾವು ಹೋದ ಗ್ಯಾರೇಜಿನ ಮಿಸ್ತ್ರಿ ಮರಾಠಿ ಮಾತಾಡುವವರು, ಆದರೆ ಕನ್ನಡದ ಗಿರಾಕಿಗಳೊಡನೆ ಬೆರೆತು ಬೆರೆತು ಎರಡನ್ನೂ ಕೂಡಿಸಿ ಆಡುತ್ತಾರೆ. ಗಾಡಿಯನ್ನು ಒಂದು ಸುತ್ತು ಹೊಡೆಸಿ ಬಂದು, “ಎಂಜಿನ್ನ ಘಟ್ಟಿ ಐತ್ರೀ ಕಾಕಾ. ಪ್ಲೇಟ ಸವದೈತಿ. ಸಂಜೀಕ ಗಾಡಿ ತೊಗೊಂಡ ಹೋಗ್ರಿ” ಎಂದರು.

ಮಾರುತಿ ೮೦೦ ಡಿಸೆಂಬರ್ ೧೯೮೩ರಲ್ಲಿ ರಸ್ತೆಗಿಳಿದ ಗಾಡಿ. ೨೦೧೪ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಆದರೂ ಅದರ ಬಿಡಿಭಾಗಗಳಿಗೆ ಕೊರತೆಯಿಲ್ಲ. ೭೯೬ ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್ನು ಮುಂಭಾಗದಲ್ಲಿ ಅಡ್ಡವಾಗಿ ಕೂತಿದ್ದು, ಮುಂದಿನ ಗಾಲಿಗಳನ್ನೇ ತಿರುಗಿಸುತ್ತದೆ. ಆದುದರಿಂದ ಕ್ಲಚ್ಚನ್ನು ಮುಟ್ಟಬೇಕಾದರೆ ಗೇರ್ ಬಾಕ್ಸನ್ನು ಇಳಿಸಲೇಬೇಕು. ಎಂಜಿನ್ನನ್ನು ಬಿಚ್ಚಬೇಕಾಗಿಲ್ಲ.

ಮೊದಲು ಬ್ಯಾಟರಿಯ ತಂತಿಯನ್ನು ತೆಗೆದರು. ಗಾಡಿಯನ್ನು ಎತ್ತಿ, ಜಾಕಿನ ಮೇಲೆ ಬಿಡದೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದರು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಎಂದಿಗೂ ನುಗ್ಗಕೂಡದು. ಗೇರ್ ಎಣ್ಣೆಯನ್ನು ಬಸಿದರು. ಕ್ಲಚ್ಚಿನ ಕೇಬಲ್, ಸ್ಪೀಡೋಮೀಟರಿನ ಕೇಬಲ್, ಗೇರಿನ ಸರಳು, ಸ್ಟಾರ್ಟರ್ ಮೋಟಾರು, ಎರಡೂ ಬದಿಯ ಡ್ರೈವ್ ಶಾಫ್ಟುಗಳು ಒಂದೊಂದಾಗಿ ಹೊರಬಂದವು. ಎಂಜಿನ್ನಿಗೆ ಆಧಾರ ಕೊಟ್ಟು, ಗೇರ್ ಬಾಕ್ಸಿನ ಬೋಲ್ಟುಗಳನ್ನು ಬಿಚ್ಚಿ, ಅದನ್ನು ನೇರವಾಗಿ ಹಿಂದಕ್ಕೆ ಸರಿಸಿದರು. ಅದರ ಭಾರ ಶಾಫ್ಟಿನ ಮೇಲೆ ತೂಗಿಬಿದ್ದರೆ ಪ್ಲೇಟಿನ ಹಲ್ಲುಗಳೂ ಶಾಫ್ಟೂ ಕೆಡುತ್ತವೆ, ಆದುದರಿಂದ ಇಬ್ಬರು ಹುಡುಗರು ಅದನ್ನು ಕೂಸಿನಂತೆ ಹಿಡಿದಿದ್ದರು.

ಒಳಗೆ ಕರಿಯ ಪುಡಿ ತುಂಬಿತ್ತು. ಹುಡುಗನೊಬ್ಬ ಗಾಳಿಯ ಪೈಪು ತಂದು ಊದಲು ಹೋದಾಗ ಮಿಸ್ತ್ರಿ ಗದರಿಸಿದರು. ಈ ಮಾತನ್ನು ವಾಚಕರು ನೆನಪಿಡಬೇಕು. ಹಿಂದೆ ಕ್ಲಚ್ಚು, ಬ್ರೇಕುಗಳ ಲೈನಿಂಗಿನಲ್ಲಿ ಕಲ್ನಾರನ್ನು ಬಳಸುತ್ತಿದ್ದರು. ಅದರ ಕಣ್ಣಿಗೆ ಕಾಣದ ಎಳೆಗಳು ಉಸಿರಿನಲ್ಲಿ ಸೇರಿದರೆ ಹಲವು ವರ್ಷಗಳ ಮೇಲೆ ಪುಪ್ಪುಸದ ಕ್ಯಾನ್ಸರಿಗೆ ಕಾರಣವಾಗಬಲ್ಲವು. ಹಳೆಯ ಗಾಡಿಯಲ್ಲಿ ಯಾವ ಲೈನಿಂಗಿದೆಯೋ ಹೇಳುವುದು ಕಷ್ಟ. ಆದುದರಿಂದ ಪುಡಿಯನ್ನು ಊದದೆ, ಬ್ರಷ್ಷಿನಿಂದ ಕೊಡಹದೆ, ಹಸಿ ಬಟ್ಟೆಯಿಂದ ಒರೆಸಿ ತೆಗೆಯಬೇಕು, ಆ ಬಟ್ಟೆಯನ್ನು ಕಟ್ಟಿ ಬಿಸಾಡಬೇಕು. ಮಕ್ಕಳು ಹತ್ತಿರ ಸುಳಿಯಕೂಡದು.

ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಒಂದನ್ನೇ ಪೂರ್ತಿ ಬಿಚ್ಚದೆ, ಎದುರುಬದುರಾಗಿ ಒಂದೊಂದು ಸುತ್ತು ಸಡಿಲಿಸಿದರು. ಹಾಗಲ್ಲದಿದ್ದರೆ ಸ್ಪ್ರಿಂಗಿನ ಬಲಕ್ಕೆ ಅದು ಸೊಟ್ಟಗಾಗುತ್ತದೆ. ಹಳೆಯ ಪ್ಲೇಟು ಕೈಗೆ ಬಂದಾಗ ಎಲ್ಲವೂ ಸ್ಪಷ್ಟವಾಯಿತು. ಲೈನಿಂಗಿನ ಮೇಲ್ಮೈಗಿಂತ ರಿವೆಟ್ಟುಗಳ ತಲೆ ಆಳದಲ್ಲಿರಬೇಕು. ಆ ಆಳ ಅರ್ಧ ಮಿಲಿಮೀಟರಿಗಿಂತ ಕಡಿಮೆಯಾದರೆ ಪ್ಲೇಟಿನ ಆಯುಷ್ಯ ಮುಗಿದಂತೆಯೇ. ಇಲ್ಲಿ ರಿವೆಟ್ಟುಗಳು ಮೇಲ್ಮೈಗೆ ಸಮನಾಗಿ ಬಂದು, ಫ್ಲೈವೀಲಿನ ಮೇಲೆ ಗೀರು ಎಳೆಯಲಾರಂಭಿಸಿದ್ದವು. ಫ್ಲೈವೀಲಿನಲ್ಲಿ ಕಾವಿನ ನೀಲಿ ಕಲೆಗಳೂ ಇದ್ದವು. ಅದನ್ನು ಬಿಚ್ಚಿ ಪಕ್ಕದ ಓಣಿಯ ಲೇಥಿಗೆ ಒಯ್ದು, ಬಿರುಕಿಲ್ಲವೆಂದು ನೋಡಿ, ತೀರ ಅಗತ್ಯವಿದ್ದಷ್ಟೇ ತೆಳುವಾಗಿ ಮುಖ ಹೊಡೆಸಿದರು.

ಉಳಿತಾಯವೆಂಬ ಖರ್ಚು

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ನನ್ನ ಸ್ವಂತ ಗಾಡಿಯ ಕ್ಲಚ್ಚು ಬದಲಿಸುವಾಗ, ಎಂಜಿನ್ನಿನ ಹಿಂಭಾಗದ ಆಯಿಲ್ ಸೀಲು ತುಸು ಒಸರುತ್ತಿದೆಯೆಂದು ಕೆಲಸದವನು ತೋರಿಸಿದ್ದ. “ಈಗ ಬೇಡ, ಪ್ಲೇಟೊಂದೇ ಹಾಕು” ಎಂದವನು ನಾನೇ. ಸೀಲಿನ ಬೆಲೆ ಕೂಲಿಯ ಮುಂದೆ ಏನೂ ಅಲ್ಲ. ನಾಲ್ಕು ತಿಂಗಳಲ್ಲಿ, ಚೈತ್ರದ ಯಾತ್ರೆಗೆಂದು ಜೋತಿಬಾ ಗುಡ್ಡವನ್ನೇರುವಾಗ ಗಾಡಿ ಗಡಗಡ ನಡುಗಿತು. ಎಣ್ಣೆ ಕುಡಿದ ಹೊಸ ಪ್ಲೇಟು ಹೊಗೆಯಾಡಿತು. ಮನೆಮಂದಿಯೆಲ್ಲ ಉಳಿದ ದಾರಿಯನ್ನು ನಡೆದೇ ಹತ್ತಿದರು. ಅದೇ ಗೇರ್ ಬಾಕ್ಸನ್ನು ಮತ್ತೆ ಇಳಿಸಿ, ಅದೇ ಕೂಲಿಯನ್ನು ಎರಡನೆಯ ಸಲ ಕೊಟ್ಟೆ. ನನ್ನ ಮನೆಯವರು ಇಂದಿಗೂ ಅದನ್ನು ಮರೆತಿಲ್ಲ.

ಆದುದರಿಂದ ಈ ಕೆಲಸದಲ್ಲಿ ಹಣದ ಬಹುಪಾಲು ಹೋಗುವುದು ಬಿಚ್ಚಿ ಕೂಡಿಸುವ ಕೂಲಿಗೆ ಎಂಬುದನ್ನು ತಿಳಿದು, ಬಿಚ್ಚಿದಾಗ ಮಾಡಬೇಕಾದುದನ್ನೆಲ್ಲ ಒಮ್ಮೆಲೆ ಮಾಡಿಸಬೇಕು. ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು, ಈ ಮೂರನ್ನೂ ಒಂದೇ ಜೋಡಿಯಾಗಿ ಹಾಕಿಸುವುದು ಲೇಸು. ಎಣ್ಣೆ ಒಸರುವ ಸೀಲುಗಳನ್ನು ಬದಲಿಸಬೇಕು. ಕೇಬಲಿನ ಎಳೆ ಬಿಚ್ಚಿದ್ದರೆ ಅದನ್ನೂ. ಬಿಲ್ಲಿನೊಡನೆ ಹಳೆಯ ಸಾಮಾನನ್ನು ಕೇಳಿ ಪಡೆಯಬೇಕು. ಇದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ಪ್ರಾಮಾಣಿಕ ಮಿಸ್ತ್ರಿ ಕೇಳದೆಯೇ ಅದನ್ನು ಚೀಲದಲ್ಲಿ ಕಟ್ಟಿಕೊಡುತ್ತಾನೆ.

ಹೊಸ ಪ್ಲೇಟನ್ನು ಹಾಕುವಾಗ ಮಿಸ್ತ್ರಿ ಕೈ ತೊಳೆದುಕೊಂಡು ಬಂದರು. ಲೈನಿಂಗಿಗೆ ಎಣ್ಣೆಗೈ ತಾಗಿದರೆ ಆರಂಭದಲ್ಲಿಯೇ ನಡುಕ ಹುಟ್ಟುತ್ತದೆ. ಪ್ಲೇಟಿಗೆ ಮುಖ ಬೆನ್ನುಗಳಿವೆ. ಫ್ಲೈವೀಲಿನ ಕಡೆಗೆ ಯಾವ ಮುಖವೆಂದು ಸಾಮಾನ್ಯವಾಗಿ ಅದರ ಮೇಲೆಯೇ ಗುರುತಿರುತ್ತದೆ. ತಿರುವಿ ಹಾಕಿದರೆ ಕ್ಲಚ್ಚು ಕೆಲಸ ಮಾಡದು. ಹಳೆಯ ಗೇರ್ ಶಾಫ್ಟೊಂದನ್ನು ನಡುವೆ ತೂರಿಸಿ ಪ್ಲೇಟನ್ನು ಸರಿಯಾಗಿ ನಡುಮಧ್ಯಕ್ಕೆ ತಂದು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರು. ಶಾಫ್ಟಿನ ಹಲ್ಲುಗಳಿಗೆ ಹಚ್ಚಿದ ಗ್ರೀಸು ಉಗುರಿನಷ್ಟೇ, ಹೆಚ್ಚಾದುದು ತಿರುಗುವಾಗ ಸಿಡಿದು ಲೈನಿಂಗಿಗೇ ಬೀಳುತ್ತದೆ. ಹೊಸ ಬೇರಿಂಗನ್ನು ಪೆಟ್ರೋಲಿನಲ್ಲಿ ತೊಳೆಯಕೂಡದು, ಅದರೊಳಗಿನ ಗ್ರೀಸೇ ಅದರ ಪ್ರಾಣ. ಗೇರ್ ಬಾಕ್ಸು ಏರಿದ ಮೇಲೆ ಹೊಸ ಎಣ್ಣೆ ಸುರಿದು, ಪೆಡಲಿನ ಸಡಿಲನ್ನು ಅಳೆದು ಕೂಡಿಸಿದರು. ದೀಪ ಹಚ್ಚುವ ಹೊತ್ತಿಗೆ ಗಾಡಿ ನೆಲದ ಮೇಲೆ ನಿಂತಿತ್ತು.

ಸವೆದದ್ದು ಹೇಗೆ?

ಗಾಡಿ ಕೊಂಡು ಬಹಳ ದಿನವಾಗಿರಲಿಲ್ಲ. ಹಿಂದಿನ ಒಡೆಯರು ಆಗಷ್ಟೇ ಹೊಸ ಪ್ಲೇಟು ಹಾಕಿಸಿದ ಬಿಲ್ಲೂ ಇತ್ತು. ಇಷ್ಟು ಬೇಗ ಸವೆಯಲು ಕಾರಣವೇನು? ರಸ್ತೆಯ ಪರೀಕ್ಷೆಯ ಹೊತ್ತಿಗೆ ನಾನು ಜಾಬರರ ಎಡಗಾಲನ್ನು ನೋಡಿದ್ದೆ. ಅದು ಉದ್ದಕ್ಕೂ ಪೆಡಲಿನ ಮೇಲೆಯೇ ಒರಗಿತ್ತು. ಏರಿನಲ್ಲಿ ನಿಲ್ಲಬೇಕಾದಾಗ ಹ್ಯಾಂಡ್ ಬ್ರೇಕು ಎಳೆಯದೆ, ಅರ್ಧ ಕ್ಲಚ್ಚಿನಲ್ಲಿಯೇ ಗಾಡಿಯನ್ನು ತೂಗಿ ಹಿಡಿದಿದ್ದರು. ನಾನು ಕೇಳಿದೆ: “ನಿಮ್ಮ ಕಾರಖಾನೆಯಲ್ಲಿ ಹೊಸ ಹುಡುಗನೊಬ್ಬ ಮಗ್ಗದ ಪಟ್ಟಾವನ್ನು ಅರ್ಧ ಸಡಿಲ ಪುಲಿಯ ಮೇಲೆ, ಅರ್ಧ ಗಟ್ಟಿ ಪುಲಿಯ ಮೇಲೆ ಬಿಟ್ಟು ಮಗ್ಗ ನಡೆಸಿದರೆ ಏನು ಮಾಡುತ್ತೀರಿ?”

ಅವರು ಕ್ಷಣ ಸುಮ್ಮನಿದ್ದರು. ಆಮೇಲೆ ತಮ್ಮ ಕಾಲನ್ನು ತಾವೇ ನೋಡಿಕೊಂಡು ನಕ್ಕರು. “ಪಟ್ಟಾ ಸುಡತೈತಿ, ಅರಿವೀನೂ ಕೆಡತೈತಿ. ಅವಂಗ ಎರಡ ಮಾತ ಅಂತೀನಿ. ತಿಳೀತ ಬಿಡ್ರಿ” ಎಂದರು. ಅದಕ್ಕಿಂತ ಹೆಚ್ಚು ಉಪದೇಶ ಬೇಕಾಗಲಿಲ್ಲ.

ನಮ್ಮ ಭಾಗದ ರಸ್ತೆಗಳು ಕ್ಲಚ್ಚಿಗೆ ಕಠಿಣವಾದವು. ಕಾರಖಾನೆಗಳು ಕಬ್ಬು ನುರಿಸುವ ಕಾಲದಲ್ಲಿ ಎರಡೆರಡು ಟ್ರೇಲರು ಕಟ್ಟಿದ ಟ್ರ್ಯಾಕ್ಟರುಗಳ, ಚಕ್ಕಡಿಗಳ ಹಿಂದೆ ಮೈಲುಗಟ್ಟಲೆ ತೆವಳಬೇಕು. ಕೊಲ್ಹಾಪುರದ ಮಹಾದ್ವಾರ ರಸ್ತೆಯಲ್ಲಿ ಹಬ್ಬದ ದಿನ ಹೆಜ್ಜೆಗೊಮ್ಮೆ ನಿಲ್ಲಬೇಕು. ಗಡಹಿಂಗ್ಲಜದಿಂದ ಆಜರೆಯ ಮೇಲೆ ಆಂಬೋಲಿ ಘಾಟಿಗೆ ಹೋಗುವವರ ಮಾತಂತೂ ಹೇಳಬೇಕಾಗಿಲ್ಲ. ಆದರೂ ಕೆಲವು ರೂಢಿಗಳಿಂದ ಪ್ಲೇಟಿನ ಆಯುಷ್ಯವನ್ನು ಬಹಳ ಬೆಳೆಸಬಹುದು. ಗೇರು ಬದಲಿಸಿದೊಡನೆ ಎಡಗಾಲನ್ನು ಪೆಡಲಿನಿಂದ ತೆಗೆದು ನೆಲಕ್ಕಿಡಬೇಕು. ನಿಂತಾಗ ನ್ಯೂಟ್ರಲಿಗೆ ಹಾಕಬೇಕು. ಏರಿನಲ್ಲಿ ನಿಲ್ಲಲು ಹ್ಯಾಂಡ್ ಬ್ರೇಕು, ಹೊರಡಲು ಮೊದಲನೆಯ ಗೇರು. ಎರಡನೆಯ ಗೇರಿನಲ್ಲಿ ಹೊರಡುವುದು ಜಾಣತನವಲ್ಲ. ಸಣ್ಣ ಗಾಡಿಯಲ್ಲಿ ಏಳೆಂಟು ಜನರನ್ನೂ ಜೋಳದ ಚೀಲವನ್ನೂ ತುಂಬಬಾರದು. ಹೊಸ ಪ್ಲೇಟು ಹಾಕಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರು ಮೆತ್ತಗೆ ನಡೆಸಿದರೆ ಲೈನಿಂಗು ಒಳ್ಳೆಯದಾಗಿ ಕೂರುತ್ತದೆ. ಕೇಬಲಿಲ್ಲದೆ ಎಣ್ಣೆಯ ಒತ್ತಡದಿಂದ ನಡೆಯುವ ಕ್ಲಚ್ಚುಗಳಲ್ಲಿ ಆ ಎಣ್ಣೆಯ ಮಟ್ಟವನ್ನು ನೋಡುತ್ತಿರಬೇಕು. ೨೦೧೪ರಲ್ಲಿ ಸೆಲೆರಿಯೋದೊಡನೆ ನಮ್ಮ ಸಣ್ಣ ಕಾರುಗಳಿಗೆ ಬಂದ ಎ.ಎಂ.ಟಿ. ಗಾಡಿಗಳಲ್ಲಿ ಕ್ಲಚ್ ಪೆಡಲಿಲ್ಲ ನಿಜ, ಆದರೆ ಪ್ಲೇಟು ಇದ್ದೇ ಇದೆ. ಏರಿನಲ್ಲಿ ಆಕ್ಸಿಲರೇಟರಿನಿಂದಲೇ ಗಾಡಿಯನ್ನು ತೂಗಿ ಹಿಡಿದರೆ ಅದೂ ಸುಡುತ್ತದೆ.

ಕ್ಲಚ್ಚು ಜಾರುತ್ತಿದೆಯೆಂದು ತಿಳಿದ ಮೇಲೆ ಘಾಟಿನ ದಾರಿಗೆ ಹೋಗಲೇಬಾರದು. ಏರಿನ ನಡುವೆ ಎಳೆತ ಪೂರ್ತಿ ನಿಂತರೆ ಹಿಂದೆ ಬರುವ ಲಾರಿಗೆ ನಾವು ಅಡ್ಡಗಲ್ಲಾಗುತ್ತೇವೆ. ಪೂರ್ತಿ ಸವೆದ ಪ್ಲೇಟಾದರೆ ಇಳುಕಲಿನಲ್ಲಿ ಎಂಜಿನ್ನು ಗಾಡಿಯನ್ನು ತಡೆಯುವ ಬಲವೂ ಕುಂದಿ, ಎಲ್ಲ ಭಾರ ಬ್ರೇಕುಗಳ ಮೇಲೆ ಬೀಳುತ್ತದೆ. ನಡುದಾರಿಯಲ್ಲಿ ಸುಟ್ಟ ವಾಸನೆ ಬಂದರೆ ರಸ್ತೆಯ ಬದಿಗೆ ಸುರಕ್ಷಿತವಾಗಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಮನೆಮಂದಿಯನ್ನು ರಸ್ತೆಯಿಂದ ದೂರ ಇಳಿಸಿ, ಗಾಡಿ ಆರುವವರೆಗೆ ಕಾಯಬೇಕು. ಆಮೇಲೆ ಹೊರೆ ಇಳಿಸಿ, ಸಮೀಪದ ಗ್ಯಾರೇಜಿನವರೆಗೆ ಮಾತ್ರ ನಿಧಾನವಾಗಿ ಹೋಗಬೇಕು.

ಮೊನ್ನೆ ಸೋದರಿಯ ಎರಡನೆಯ ಪತ್ರ ಬಂದಿದೆ. ಈ ಸಲ ಒಂದೇ ಪುಟ. ವೈದ್ಯರಿಗೆ ತೋರಿಸಿ ಮರಳುವಾಗ ನಿಪ್ಪಾಣಿ ದಾಟಿ ತವಂದಿಯ ಏರನ್ನು ಹತ್ತಿದರಂತೆ. ಜಾಬರರ ಎಡಗಾಲು ಪೆಡಲಿನ ಮೇಲೆ ಹೋದಾಗಲೆಲ್ಲ ಹಿಂದಿನ ಸೀಟಿನಿಂದ ಮಗಳು “ಪಟ್ಟಾ, ಪಟ್ಟಾ” ಎಂದು ಎಚ್ಚರಿಸುತ್ತಿದ್ದಳಂತೆ. “ಸಂಕೇಶ್ವರ ಬಂತು, ಚಹಾ ಕುಡಿಯೋಣವೇ ಎಂದು ಅಪ್ಪಾ ಅವರನ್ನು ಕೇಳಲು ತಿರುಗಿದೆ. ಘಾಟು ಯಾವಾಗ ಮುಗಿಯಿತೋ ಅವರಿಗೆ ತಿಳಿದೇ ಇರಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದರು. ಎಬ್ಬಿಸದೆ ಗಡಹಿಂಗ್ಲಜಕ್ಕೆ ನಡೆದೆವು” ಎಂದು ಬರೆದಿದ್ದಾರೆ.

ಬರುವ ತಿಂಗಳು ಚಳಿಯ ಮುಂಜಾವಿನಲ್ಲಿ ಮುನಿಸಿಕೊಳ್ಳುವ ಬ್ಯಾಟರಿಯ ವಿಚಾರ. ಪ್ರಶ್ನೆಗಳಿದ್ದವರು ಎಂದಿನಂತೆ ಬರೆಯಬೇಕಾಗಿ ವಿನಂತಿ.